ಕ್ಯಾಮೆರಾ ಕಿಟಕಿ: ಬಂಡೆ ಕರಗಿಸೋಕೆ ಎಷ್ಟು ಖರ್ಚು?

ಕನಕಪುರದ ಕಡೆಯ ಓದುಗ ಮಿತ್ರನೊಬ್ಬನ ಕಾಗದ ಬಂದಿದೆ. ಹುಡುಗನ ಹತ್ತಿರ ರಷ್ಯಾದ ಹಳೇ ಜೋರ್ಕಿ-4 ಕ್ಯಾಮೆರಾ ಇದೆಯಂತೆ. "ಸಾರ್, ಸಿನಿಮಾ ಸ್ಟಿಲ್ಲುಗಳಲ್ಲಿ ನಾಯಕಿ ಒಬ್ಬಳೇ ಎದ್ದು ಕಾಣ್ತಾಳೆ, ಹಿಂದಿನದೆಲ್ಲ ಬೆಣ್ಣೆ ಹಂಗೆ ಕರಗಿರುತ್ತೆ. ನಾನು ತೆಗೆದ್ರೆ ತಂಗಿಯ ತಲೆ ಮೇಲೆ ತೆಂಗಿನಮರ ಮೊಳೆತಿರುತ್ತೆ! ಅಪ್ಪ ರೇಷ್ಮೆಗೂಡು ಮಾರಿದ ದುಡ್ಡಿದೆ, ಲೈಕಾ ತಗೊಂಡುಬಿಡ್ಲಾ?" ಅಂತ ಕೇಳಿದ್ದಾನೆ.

ತಡಿ ತಮ್ಮಾ! ಗೂಡಿನ ದುಡ್ಡು ಅಂದ್ರೆ ರಾತ್ರಿಯೆಲ್ಲ ಎದ್ದು ಹುಳಕ್ಕೆ ಸೊಪ್ಪು ಹಾಕಿದವರ ದುಡ್ಡು. ಬಾಯಿಮಾತಿನಲ್ಲಿ ಉತ್ತರ ಕೊಡಲು ಮನಸ್ಸಾಗಲಿಲ್ಲ. ಸ್ನೇಹಿತರ ಲೈಕಾ ಎಂ3 ಬೇಡಿ ತಂದೆ. ನನ್ನ ಜೋರ್ಕಿ, ಯಾಶಿಕಾ ಎಲೆಕ್ಟ್ರೋ 35 ಎರಡನ್ನೂ ಚೀಲಕ್ಕೆ ಹಾಕಿ ಮಾಗಡಿ ಬಸ್ಸು ಹತ್ತಿದೆ.

ಮೊದಲು ಸ್ವಲ್ಪ ಲೆಕ್ಕ. ಹಿಂದಿನ ದೃಶ್ಯ ಎಷ್ಟು ಕರಗುತ್ತೆ ಅನ್ನೋದು ಲೆನ್ಸಿನ ಬಾಯಿ ಎಷ್ಟಗಲ ಅನ್ನೋದರ ಮೇಲೆ ನಿಂತಿದೆ. ಲೈಕಾದ ಸುಮಿಕ್ರಾನ್ 50 ಮಿ.ಮೀ., ಎಫ್ 2. ಐವತ್ತನ್ನು ಎರಡರಿಂದ ಭಾಗಿಸಿ, ಬಾಯಿ 25 ಮಿ.ಮೀ., ಅಂದರೆ ಒಂದು ಇಂಚು. ಜೋರ್ಕಿಯ ಜುಪಿಟರ್-8 ಕೂಡ 50 ಮಿ.ಮೀ., ಎಫ್ 2. ಅದರ ಬಾಯಿಯೂ ಒಂದು ಇಂಚೇ! ಯಾಶಿಕಾ 45 ಮಿ.ಮೀ., ಎಫ್ 1.7. ಅದು ಕೂದಲೆಳೆ ಹೆಚ್ಚು. ಬಹುದೂರದ ಒಂದು ಚುಕ್ಕಿ ಬೆಳಕು ನಿಮ್ಮ ನಾಯಕಿಯ ಮುಖದ ಪಕ್ಕದಲ್ಲಿ ಇದೇ ಒಂದಿಂಚಿನ ಬಿಲ್ಲೆಯಾಗಿ ಊದಿಕೊಳ್ಳುತ್ತೆ.

ಮಾಗಡಿಯಲ್ಲಿಳಿದು ಸಾವನದುರ್ಗದ ಬುಡಕ್ಕೆ ಹೋದೆ. ಡೇವಿಡ್ ಲೀನ್ ತಮ್ಮ 1984ರ 'ಎ ಪ್ಯಾಸೇಜ್ ಟು ಇಂಡಿಯಾ'ಕ್ಕೆ ಮರಾಬಾರ್ ಗುಹೆಗಳ ದೃಶ್ಯ ತೆಗೆದ ಬಂಡೆ ಇದು. ಹೊತ್ತು ಮುಳುಗೋ ಸಮಯ. ಜೊತೆಗೆ ಬಂದ ಹುಡುಗನನ್ನು ನಿಲ್ಲಿಸಿ, ಒಂದು ಮೀಟರಿನಿಂದ ಮೂರರಲ್ಲೂ ತೆಗೆದೆ. ಆಮೇಲೆ ಮೂರು ಮೀಟರಿನಿಂದ ತೆಗೆದೆ. ಪ್ರಿಂಟು ಬಂದ ಮೇಲೆ ನೋಡಿ ಮಜಾ! ಹತ್ತಿರದಿಂದ ತೆಗೆದದ್ದರಲ್ಲಿ ಅಷ್ಟು ದೊಡ್ಡ ಬೆಟ್ಟ ಬೂದಿ ಬಣ್ಣದ ಹೊಗೆ. ದೂರದಿಂದ ತೆಗೆದದ್ದರಲ್ಲಿ ಬೆಟ್ಟ ಬೆಟ್ಟವಾಗಿಯೇ ನಿಂತಿದೆ. ಕಾರಣ ಇಷ್ಟೇ. ಒಂದು ಮೀಟರಿನಲ್ಲಿ ಉದ್ದ ಹಿಡಿದ ಚಿತ್ರದ ಎತ್ತರ 27 ಇಂಚು, ಅದರೊಳಗೆ ಒಂದಿಂಚಿನ ಬಿಲ್ಲೆ ದೊಡ್ಡದು. ಮೂರು ಮೀಟರಿನಲ್ಲಿ ಎತ್ತರ ಏಳು ಅಡಿ, ಅಲ್ಲಿ ಅದೇ ಬಿಲ್ಲೆ ಯಾವ ಲೆಕ್ಕ?

ಹಾಗಾದ್ರೆ ಲೈಕಾಕ್ಕೂ ಜೋರ್ಕಿಗೂ ವ್ಯತ್ಯಾಸವೇ ಇಲ್ವಾ? ಇದೆ, ಸುಳ್ಳು ಹೇಳಲಾರೆ. ಪೂರ್ತಿ ಬಾಯಿ ತೆರೆದಾಗ ಸುಮಿಕ್ರಾನಿನಲ್ಲಿ ರೆಪ್ಪೆಗೂದಲು ಎಣಿಸಬಹುದು. ಜುಪಿಟರ್ ಜರ್ಮನಿಯ ಜೈಸ್ ಸೊನಾರ್ ಲೆನ್ಸಿನ ವಂಶದ್ದು, ಮುಖವೂ ಸ್ವಲ್ಪ ಮೃದು, ಹಿಂದಿನದೂ ಮೃದು. ಹೆಂಗಸರ ಮುಖಕ್ಕೆ ನನಗೆ ಅದೇ ಇಷ್ಟ. ಆದರೆ ಬಂಡೆ ಕರಗಿದ ಪ್ರಮಾಣ ಎರಡರಲ್ಲೂ ಒಂದೇ.

ಮಾರನೇ ದಿನ ಕನಕಪುರ ದಾಟಿ ಸಂಗಮ. ಅರ್ಕಾವತಿ ಕಾವೇರಿಗೆ ಸೇರೋ ಜಾಗ, ನಡುಮಧ್ಯಾಹ್ನದ ಸುಡುಬಿಸಿಲು. 100 ಸ್ಪೀಡಿನ ಫಿಲಂ ಹಾಕಿ ಯಾಶಿಕಾದ ಬಾಯಿ ಪೂರ್ತಿ ತೆರೆದೆ. ಕೆಂಪು ದೀಪ ಹತ್ತಿಕೊಂಡಿತು! ಅದರ ಷಟರ್ ಸೆಕೆಂಡಿನ 500ರಲ್ಲಿ ಒಂದು ಭಾಗಕ್ಕಿಂತ ಜೋರಾಗಿ ಓಡೋದಿಲ್ಲ. ಜೋರ್ಕಿ 1000ದವರೆಗೆ ಓಡುತ್ತೆ, ಆದರೂ ಎಫ್ 5.6ಕ್ಕೆ ಬಾಯಿ ಮುಚ್ಚಲೇಬೇಕಾಯ್ತು. ಇಂಚಿದ್ದ ಬಾಯಿ 9 ಮಿ.ಮೀ. ಆಯ್ತು, ನದಿ, ಬಂಡೆ, ತೆಪ್ಪ ಎಲ್ಲ ನಾಯಕಿಯ ಜೊತೆ ಸ್ಪರ್ಧೆಗೆ ನಿಂತವು. ಇನ್ನೊಂದು ಮೋಸ ಅಂದ್ರೆ, ಈ ರೇಂಜ್‌ಫೈಂಡರ್ ಕ್ಯಾಮೆರಾದ ಕಿಟಕಿ ಲೆನ್ಸಿನ ಮೂಲಕ ನೋಡೋದಿಲ್ಲ. ಅದರಲ್ಲಿ ಮುಖವೂ ಸ್ಪಷ್ಟ, ಮರವೂ ಸ್ಪಷ್ಟ. ಏನು ಕರಗುತ್ತೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಬೇಕು. ನಮ್ಮ ಹುಡುಗನ ತೆಂಗಿನಮರದ ಗುಟ್ಟು ಇಲ್ಲಿದೆ.

ಚನ್ನಪಟ್ಟಣದಲ್ಲಿ ಮಾತ್ರ ನನ್ನ ಜಂಬ ಇಳಿಯಿತು. ಬೊಂಬೆ ತಿರುವುವ ಹಿರಿಯರೊಬ್ಬರ ಮನೆ. ನೆರಳು ಚೆನ್ನಾಗಿತ್ತು, ಎಫ್ 2ರಲ್ಲಿ ಮೀಟರ್ ದೂರದಿಂದ ತೆಗೆದೆ. ಹದಿನೈದು ದಿನ ಬಿಟ್ಟು ಪ್ರಿಂಟು ಕೊಟ್ಟರೆ, ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಮುಖ ಚೆನ್ನಾಗೈತೆ ಸ್ವಾಮಿ. ಬೊಂಬೆ ಎಲ್ಲೋದ್ವು?" ಅಂದರು. ಹಿಂದಿನ ಗೂಡಿನಲ್ಲಿ ಸಾಲಾಗಿಟ್ಟಿದ್ದ ಆಲೆ ಮರದ ಬೊಂಬೆಗಳು, ಅರಗಿನ ಕೆಂಪು ಹಳದಿ, ಎಲ್ಲ ಕಲಸಿದ ಬಣ್ಣದ ನೀರಾಗಿದ್ದವು. ನನಗೆ ಬಾಯಿ ಬರಲಿಲ್ಲ. ಸ್ಟಾಂಡು ಹಾಕಿ, ಎರಡು ಮೀಟರ್ ಹಿಂದೆ ಸರಿದು, ಎಫ್ 11ಕ್ಕೆ ಮುಚ್ಚಿ, "ಉಸಿರಾಡಬೇಡಿ ಯಜಮಾನ್ರೇ" ಅಂತ ಇನ್ನೊಮ್ಮೆ ತೆಗೆದೆ. ಆ ಪ್ರಿಂಟು ಈಗ ಅವರ ಗೋಡೆ ಮೇಲಿದೆ.

ವಾಪಸ್ ಬರುವಾಗ ಬಸ್ಸಿನ ಕಿಟಕಿಯಲ್ಲಿ ರಾಮನಗರದ ಬಂಡೆಗಳು. 1975ರ 'ಶೋಲೆ'ಗೆ ದ್ವಾರಕಾ ದಿವೇಚಾ ಕ್ಯಾಮೆರಾ ಹಿಡಿದಿದ್ದು ಇಲ್ಲೇ ಅಲ್ವೇ? ಆ ಬಂಡೆಗಳನ್ನು ಕರಗಿಸಿಬಿಟ್ಟಿದ್ದರೆ ಗಬ್ಬರ್ ಸಿಂಗ್ ಎಲ್ಲಿ ನಿಂತು ಅಬ್ಬರಿಸುತ್ತಿದ್ದ, ನೀವೇ ಹೇಳಿ!

ಇನ್ನು ತಮ್ಮಾ, ಗೂಡಿನ ದುಡ್ಡು ಅಪ್ಪನ ಕೈಗೇ ಕೊಡು. ಎರಡು ರೋಲಿಗೆ ಮಾತ್ರ ಕೇಳಿಕೋ. ಹೊತ್ತು ಇಳಿದ ಮೇಲೆ ತಂಗಿಯನ್ನು ಮರದಿಂದ ಇಪ್ಪತ್ತು ಮಾರು ಈಚೆ ನಿಲ್ಲಿಸು, ನೀನು ಒಂದು ಮೀಟರಿಗೆ ಬಾ, ಎಫ್ 2 ಇಡು. ಪ್ರಿಂಟು ನನಗೆ ಕಳಿಸು.