ಬಯಲುಸೀಮೆಯ ಹಸುರು

ಹಸುರನ್ನು ಕಂಡೊಡನೆ ಕಣ್ಣು ತಣಿಯುವುದು ಮನುಷ್ಯಸ್ವಭಾವ. ಆದರೆ ಕಣ್ಣು ತಣಿದ ಮಾತ್ರಕ್ಕೆ ನೆಲವೂ ತಣಿಯಿತೆಂದು ಹೇಳುವಂತಿಲ್ಲ. ನಮ್ಮ ಬಯಲುಸೀಮೆಯ ಊರುಗಳಲ್ಲಿ ಈಚೆಗೆ ಏಳುತ್ತಿರುವ ಉದ್ಯಾನಗಳನ್ನು ನೋಡುವಾಗ ಈ ಭೇದವನ್ನು ನಾವು ಮರೆತಿದ್ದೇವೆಂದೇ ನನಗೆ ತೋರುತ್ತದೆ.

ಕನಕಪುರದ ದಾರಿಯಲ್ಲಿರುವ ಹಾರೋಹಳ್ಳಿಯನ್ನೇ ತೆಗೆದುಕೊಳ್ಳೋಣ. ರಾಗಿ, ಹುರುಳಿ, ಹಿಪ್ಪುನೇರಳೆಗಳ ಸೀಮೆಯಾಗಿದ್ದ ಅದು ಈಗ ಕೈಗಾರಿಕೆಯ ನೆಲೆ, ತಾಲ್ಲೂಕು ಕೇಂದ್ರ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ಬೀಳುವ ಈ ಪ್ರದೇಶ ಮರುಭೂಮಿಯೇನೂ ಅಲ್ಲ. ಆದರೆ ಬಂಡೆಯ ಮೇಲೆ ತೆಳ್ಳಗೆ ಹಾಸಿದ ಕೆಂಪು ಮಣ್ಣು ಬೇಸಗೆಯ ತಿಂಗಳುಗಳಲ್ಲಿ ಮರುಭೂಮಿಯ ರುಚಿಯನ್ನು ತೋರಿಸದೆ ಬಿಡುವುದಿಲ್ಲ. ಬೆಳೆಯುತ್ತಿರುವ ಇಂಥ ಊರುಗಳಲ್ಲಿ ಉದ್ಯಾನವೆಂದರೆ ಏನು? ದಿನವೂ ನೀರು ಬೇಡುವ ಹುಲ್ಲುಹಾಸು, ಕತ್ತರಿಸಿ ನಿಲ್ಲಿಸಿದ ಕ್ರೋಟನ್ ಬೇಲಿ, ಅಲಂಕಾರದ ತಾಳೆಯ ಸಾಲು. ಯಾವ ಊರಿಗೆ ಹೋದರೂ ಇದೇ ಪಾಠ.

ಸುತ್ತಣ ಗುಡ್ಡಗಳು ಕಲಿಸುವ ಪಾಠ ಬೇರೆ. ಅಲ್ಲಿ ಕಗ್ಗಲಿ, ದಿಂಡಿಗ, ಮುತ್ತುಗ, ಕಾರೆ, ಕವಳೆ, ಬಂದರಿಕೆ, ತಂಗಡಿಗಳು ಯಾರೂ ನೀರೆರೆಯದೆ ಬೆಳೆಯುತ್ತವೆ. ಮುತ್ತುಗ ಎಲೆಯನ್ನೆಲ್ಲ ಕಳಚಿ ಬರಿಗೊಂಬೆಯಲ್ಲಿ ಹೂ ಹೊತ್ತಾಗ ಮೈನಾ, ಸೂರಕ್ಕಿಗಳಿಗೆ ಅಲ್ಲಿ ಜಾತ್ರೆ. ತಂಗಡಿಯ ಬಳಗದ ಎಲೆಗಳನ್ನು ತಿಂದು ಹಳದಿ ಚಿಟ್ಟೆಗಳ ಮರಿಗಳು ಬೆಳೆಯುತ್ತವೆ. ಬಿಸಿಲು ಏರುವ ಹೊತ್ತಿಗೆ ಹೊಂಗೆ ಹೊಸ ಚಿಗುರು ತಳೆದು ದಾರಿಗೆ ನೆರಳು ಕೊಡುತ್ತದೆ. ಒಂದೊಂದು ಗಿಡವೂ ಹತ್ತು ಜೀವಗಳ ಛತ್ರ. ಹುಲ್ಲುಹಾಸಿನ ಮೇಲೆ ಹಸುರು ಉಂಟು, ಆದರೆ ಈ ಸಂಸಾರವಿಲ್ಲ.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಮಾಗಡಿ ಸೀಮೆಯ ಹುಲಿಕಲ್–ಕುದೂರು ರಸ್ತೆಯ ಬದಿಯಲ್ಲಿ 385 ಆಲದ ಸಸಿಗಳನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕನವರು 2025ರ ನವೆಂಬರಿನಲ್ಲಿ ತೀರಿಕೊಂಡರು. ಪತಿಯೊಡನೆ ಕೊಡದಲ್ಲಿ ನೀರು ಹೊತ್ತು, ಮುಳ್ಳುಬೇಲಿ ಕಟ್ಟಿ ಅವರು ಸಾಕಿದ್ದನ್ನು ನಾವೆಲ್ಲ ಹೊಗಳುತ್ತೇವೆ. ಅವರು ಆರಿಸಿಕೊಂಡ ಮರ ಯಾವುದೆಂಬುದನ್ನು ಮಾತ್ರ ಯೋಚಿಸುವುದಿಲ್ಲ. ಆಲ ಆ ನೆಲದ ಮರ. ಬೇರೂರುವವರೆಗೆ ಕೆಲವು ವರ್ಷ ಕೊಡ ಹೊತ್ತರೆ ಸಾಕು, ಮುಂದೆ ನೂರಾರು ವರ್ಷ ಅದೇ ಊರನ್ನು ಸಾಕುತ್ತದೆ.

ನಿಜವಾದ ಮರುಭೂಮಿಯವರೂ ಇದನ್ನು ಕಂಡುಕೊಂಡಿದ್ದಾರೆ. ಅರಬ್ ಸಂಯುಕ್ತ ಸಂಸ್ಥಾನದ ರಾಷ್ಟ್ರವೃಕ್ಷ ಘಾಫ್. ರಾಜಸ್ಥಾನದ ರಾಜ್ಯವೃಕ್ಷ ಖೇಜ್ರಿ. ಎರಡೂ ವಿಜಯದಶಮಿಯಂದು ನಾವು ಪೂಜಿಸುವ ಬನ್ನಿಯೇ! ಅದರ ವಿದೇಶೀ ದಾಯಾದಿಯಾದ ಬಳ್ಳಾರಿ ಜಾಲಿ ನಮ್ಮ ಒಣನೆಲವನ್ನು ಆಕ್ರಮಿಸಿರುವ ಬಗೆಯನ್ನು ರೈತರಿಗೆ ಹೇಳಬೇಕಾಗಿಲ್ಲ. ನಗರಗಳ ರಸ್ತೆಯುದ್ದಕ್ಕೂ ನೆಟ್ಟ ಕೊನೊಕಾರ್ಪಸ್ ಗಿಡವನ್ನು 2023ರಲ್ಲಿ ಗುಜರಾತ್ ಸರ್ಕಾರ ನಿಷೇಧಿಸಬೇಕಾಯಿತು. ಬೇಗ ಹಸುರಾಗುತ್ತದೆಂಬ ಒಂದೇ ಗುಣವನ್ನು ನೋಡಿ ಗಿಡ ನೆಡುವುದರ ಫಲವಿದು.

ಹಾಗಾದರೆ ಹೊರಗಿನಿಂದ ಬಂದುದೆಲ್ಲ ತ್ಯಾಜ್ಯವೆ? ಹಾಗೆ ಹೇಳುವಷ್ಟು ಮಡಿವಂತಿಕೆ ನನಗಿಲ್ಲ. ನಮ್ಮ ಸಾರಿನ ಹುಣಸೆಯ ಮೂಲ ಆಫ್ರಿಕ ಎನ್ನುತ್ತಾರೆ ಸಸ್ಯಶಾಸ್ತ್ರಜ್ಞರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕ್ರುಂಬಿಗಲ್ ಅವರು ಋತುವಿಗೊಂದು ಹೂ ಅರಳುವಂತೆ ಬೆಂಗಳೂರಿನ ಬೀದಿಗಳಲ್ಲಿ ನೆಡಿಸಿದ ಪರದೇಶದ ಮರಗಳ ಚೆಲುವನ್ನು ಅಲ್ಲಗಳೆಯುವವನು ಅರಸಿಕ. ನಾನು ಕೇಳುವುದು ಮರದ ಕುಲವನ್ನಲ್ಲ, ನಡತೆಯನ್ನು. ಅದು ಎಷ್ಟು ನೀರು ಬೇಡುತ್ತದೆ? ಯಾರಿಗೆ ಉಣಿಸುತ್ತದೆ? ನೆರೆಯ ಗಿಡವನ್ನು ಬಾಳಗೊಡುತ್ತದೆಯೆ? ಹುಣಸೆ ಈ ಪರೀಕ್ಷೆಯಲ್ಲಿ ಎಂದೋ ತೇರ್ಗಡೆಯಾಗಿದೆ. ದೇಶದ ಗಿಡಗಳಲ್ಲಿ ಬಹುಪಾಲು ಪರೀಕ್ಷೆಯಿಲ್ಲದೆಯೇ ಉತ್ತೀರ್ಣ.

ಮಾಡಬೇಕಾದದ್ದೇನೂ ದುಸ್ಸಾಧ್ಯವಲ್ಲ. ಮಾವು, ಹುಣಸೆ, ನೇರಳೆ, ಹೊಂಗೆಗಳ ಗುಂಡುತೋಪು ನಮ್ಮ ಹಳ್ಳಿಗಳ ಪುರಾತನ ಉದ್ಯಾನ. ಉಳಿದಿರುವ ತೋಪುಗಳನ್ನು ನಿವೇಶನವಾಗಲು ಬಿಡದೆ ಕಾಯುವುದು ಮೊದಲ ಕೆಲಸ. ಹೊಸ ಬಡಾವಣೆಗಳ ಹಾಗೂ ಕಾರ್ಖಾನೆಗಳ ಅಂಗಳಗಳಿಗೆ ಹತ್ತಿರದ ಗುಡ್ಡಗಳ ಬೀಜದಿಂದಲೇ ಸಸಿ ಎಬ್ಬಿಸುವುದು ಎರಡನೆಯದು; ಅದೂ ಒಂದೇ ಜಾತಿಯ ಸಾಲನ್ನಲ್ಲ, ಮರ, ಪೊದೆ, ಬಳ್ಳಿ, ಹುಲ್ಲುಗಳು ಕೂಡಿ ಬಾಳುವ ಸಮುದಾಯವನ್ನು. ಒಂದೇ ಜಾತಿಯ ಸಾಲಿಗೆ ಒಂದು ಹುಳ ಬಿದ್ದರೆ ಸಾಲಿಗೆ ಸಾಲೇ ಹೋದೀತು.

ಉಪಾಧ್ಯಾಯರಲ್ಲಿಯೂ ನನ್ನದೊಂದು ಬಿನ್ನಹ. ಅತ್ತಿಗುಪ್ಪೆ, ಹೊಂಗಸಂದ್ರ, ಹುಣಸೂರು ಎಂದು ಮರದ ಹೆಸರನ್ನೇ ಊರಿಗಿಟ್ಟ ಭಾಷೆ ನಮ್ಮದು. ದಿಂಡಿಗ, ಕವಳೆ ಎಂಬ ಮಾತುಗಳು ಇಂದಿನ ಎಷ್ಟು ಮಂದಿ ವಿದ್ಯಾರ್ಥಿಗಳಿಗೆ ತಿಳಿದಿವೆ? ಗಿಡ ಕಣ್ಮರೆಯಾದರೆ ಮಾತು ನಿಘಂಟಿನಲ್ಲಿ ಒಣಗುತ್ತದೆ. ಮಾತು ಮರೆತರೆ ಗಿಡವನ್ನು ಕಡಿಯುವ ಕೈಗೆ ಅಳುಕೂ ಇರುವುದಿಲ್ಲ. ಆದುದರಿಂದ ಶಾಲೆಯ ಅಂಗಳದಲ್ಲಿ ಒಂದು ಮುತ್ತುಗವೋ ಬಿಲ್ವವೋ ಬೆಳೆಯಲಿ, ಅದರ ಹೆಸರನ್ನು ಮಕ್ಕಳು ಕೂಗಿ ಹೇಳಲಿ. ಬಯಲುಸೀಮೆಗೆ ಬೇಕಾದದ್ದು ಕೊಳವೆಯ ನೀರಿನಲ್ಲಿ ಉಸಿರು ಹಿಡಿದಿರುವ ಹಸುರಲ್ಲ, ಮಳೆಯನ್ನು ನಂಬಿ ಬಾಳಬಲ್ಲ ಹಸುರು.