ಅಂಕಲಿಯ ಕುದುರೆ, ನಾಂದಣಿಯ ಆನೆ: ಸವಾರಿಗೆ ಮುನ್ನ ಒಂದು ಪ್ರಶ್ನೆ

ಗಡಿಭಾಗದ ಶ್ರಾವಕ ಕುಟುಂಬಗಳಲ್ಲಿ ನಾಂದಣಿ ಮಠದ ಆನೆ ಮಹಾದೇವಿಯ ಹೆಸರು ಕೇಳದವರಿಲ್ಲ. ಮಾಧುರಿ ಎಂದೂ ಕರೆಯುವ ಈ ಆನೆ 1992ರಿಂದ ಮಠದಲ್ಲಿತ್ತು. ಅದನ್ನು ಜಾಮನಗರದ ಆನೆ ಪಾಲನಾ ಕೇಂದ್ರಕ್ಕೆ ಒಪ್ಪಿಸಬೇಕೆಂದು ಬಾಂಬೆ ಹೈಕೋರ್ಟ್ 2025ರ ಜುಲೈ 16ರಂದು ಆದೇಶಿಸಿತು. ಜುಲೈ 28ರಂದು ಸುಪ್ರೀಂ ಕೋರ್ಟ್ ಮಠದ ಅರ್ಜಿಯನ್ನು ತಳ್ಳಿಹಾಕಿತು. ಆನೆಯನ್ನು ಬೀಳ್ಕೊಡುವಾಗ ಊರೇ ಕಣ್ಣೀರಿಟ್ಟಿತು. ಆಗಸ್ಟ್ 3ರಂದು ಸಾವಿರಾರು ಜನ ನಾಂದಣಿಯಿಂದ ಕೊಲ್ಹಾಪುರಕ್ಕೆ ಮೌನ ಪಾದಯಾತ್ರೆ ನಡೆಸಿದರು. ಆಗಸ್ಟ್ 6ರಂದು ವನತಾರಾ ಸಂಸ್ಥೆಯು ನಾಂದಣಿ ಪರಿಸರದಲ್ಲೇ ಪುನರ್ವಸತಿ ಕೇಂದ್ರ ಕಟ್ಟುವ ಪ್ರಸ್ತಾಪ ಮುಂದಿಟ್ಟಿತು.

ಸಮಾಜದ ಈ ನೋವು ಸುಳ್ಳಲ್ಲ. ಮೂರು ದಶಕ ಸಾಕಿದ ಜೀವವದು. ಆದರೆ ನೋವಿನ ನಡುವೆ ನ್ಯಾಯಾಲಯ ಎತ್ತಿದ ಮಾತು ಮರೆಯಾಗಬಾರದು. ಕಾಲಿನ ತೊಂದರೆ, ಗಟ್ಟಿ ನೆಲ, ಸಂಕೋಲೆ, ತನ್ನ ಜಾತಿಯ ಜೊತೆಗಾರರಿಲ್ಲದ ಒಂಟಿತನ ಇವುಗಳ ವರದಿ ನೋಡಿ, ಧಾರ್ಮಿಕ ಬಳಕೆಗಿಂತ ಆನೆಯ ಸ್ವಾಸ್ಥ್ಯ ದೊಡ್ಡದೆಂದು ಅದು ಹೇಳಿತು. ಮಠ ಹಿಂಸೆಯ ಆರೋಪವನ್ನು ಒಪ್ಪಿಲ್ಲ. ಆ ವಾದ ಬದಿಗಿರಲಿ. ಅಹಿಂಸೆಯನ್ನೇ ಪರಮಧರ್ಮವೆನ್ನುವ ನಾವು ಪ್ರಾಣಿಯ ಬೆನ್ನೇರುವುದರ ಬಗ್ಗೆ ಏನು ಹೇಳುತ್ತೇವೆ?

ಅಂಕಲಿಯ ರೂಢಿ

ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಚಿಕ್ಕೋಡಿ ತಾಲೂಕಿನ ಅಂಕಲಿಯಿಂದ ಪ್ರತಿ ವರ್ಷ ಶಿತೋಳೆ ಸರದಾರ ಮನೆತನದ ಕುದುರೆಗಳು ಸಂತ ಜ್ಞಾನೇಶ್ವರರ ಪಾಲಖಿಗಾಗಿ ಆಳಂದಿಗೆ ಹೊರಡುತ್ತವೆ. 19ನೆಯ ಶತಮಾನದಲ್ಲಿ ಹೈಬತಬಾಬಾ ಪಾಲಖಿ ಪರಂಪರೆ ಕಟ್ಟಿದಾಗಿನಿಂದ ಬಂದ ಸೇವೆಯಿದು. ಸುಮಾರು 300 ಕಿ.ಮೀ. ದಾರಿಯನ್ನು ದಿನಕ್ಕಿಷ್ಟೆಂದು ಹಂಚಿಕೊಂಡು, ಊರೂರಲ್ಲಿ ತಂಗುತ್ತ, ನಡೆದೇ ಸಾಗುತ್ತವೆ. ಎರಡು ಕುದುರೆಗಳಲ್ಲಿ ಒಂದರ ಮೇಲೆ ಪತಾಕೆ ಹಿಡಿದ ಸವಾರ ಇರುತ್ತಾನೆ. ಇನ್ನೊಂದರ ಬೆನ್ನು ಖಾಲಿ, ಅದು ಮಾವುಲಿಯ ಕುದುರೆ. ರಿಂಗಣದಲ್ಲಿ ಅದು ಓಡುವಾಗ ಲಕ್ಷಾಂತರ ವಾರಕರಿಗಳು ಕೈ ಮುಗಿಯುತ್ತಾರೆ.

ಇದು ನಮ್ಮ ಪರಂಪರೆಯಲ್ಲ, ಓಡಿಸುವುದರಲ್ಲೂ ಶ್ರಮವಿದೆ. ಆದರೂ ಯಾರೂ ಏರದ ಕುದುರೆಗೇ ಹೆಚ್ಚು ಗೌರವ ಎಂಬುದು ಗಮನಿಸತಕ್ಕದ್ದು. ಭಕ್ತಿಗೆ ಸವಾರ ಬೇಕೇಬೇಕೆಂದಿಲ್ಲ.

ಶಾಸ್ತ್ರ ಮತ್ತು ಕಾನೂನು

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿ ಮೀರಿ ಹೊರೆ ಹೇರುವುದು, ಮೇವು ನೀರು ತಡೆಯುವುದು. ಗೃಹಸ್ಥನಿಗೆ ಸಾಕುವುದನ್ನೇ ಇಲ್ಲಿ ನಿಷೇಧಿಸಿಲ್ಲ. ಸಾಕಿದ ಮೇಲೆ ಹೇಗೆ ನಡೆದುಕೊಳ್ಳಬೇಕೆಂಬ ಗೆರೆ ಎಳೆದಿದೆ. ಮುನಿಗಳಂತೂ ವಾಹನವನ್ನೇ ಬಿಟ್ಟು ಪಾದವಿಹಾರ ಮಾಡುತ್ತಾರೆ.

ಸರ್ಕಾರ ಅಳತೆ ಹಾಕಿದ್ದು ಬಹಳ ತಡವಾಗಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ 1965ರಲ್ಲಿ ಬಂದ ನಿಯಮಗಳು ಹೇರು ಹೊರುವ ಪೋನಿ ಕುದುರೆಗೆ 70 ಕೆ.ಜಿ., ಹೇಸರಗತ್ತೆಗೆ 200 ಕೆ.ಜಿ. ಮಿತಿ ಇಟ್ಟಿವೆ. ದಿನಕ್ಕೆ ಒಟ್ಟು 9 ಗಂಟೆ, ವಿಶ್ರಾಂತಿಯಿಲ್ಲದೆ 5 ಗಂಟೆ ಮೀರಿ ದುಡಿಸುವಂತಿಲ್ಲ. ಹೇರಿನ ಲೆಕ್ಕ ಸವಾರನಿಗೆ ನೇರವಾಗಿ ಹೊಂದದಿದ್ದರೂ, ಭರ್ಜರಿ ಉಡುಪಿನ ಮದುಮಗ ಸಣ್ಣ ಕುದುರೆಗೆ ಎಷ್ಟು ಭಾರವೆಂದು ತಿಳಿಯಲು ಈ ಅಂಕಿ ಸಾಕು.

ನಮ್ಮ ಮನೆಯ ಮೆರವಣಿಗೆ

ನಾಂದಣಿಯ ಆನೆಗಾಗಿ ಬೀದಿಗಿಳಿದವರಲ್ಲಿ ಎಷ್ಟೋ ಮನೆಗಳ ಮದುವೆಯಲ್ಲಿ ಬಾಡಿಗೆ ಕುದುರೆ ಬರುತ್ತದೆ. ಎದುರಿಗೆ ಡಾಲ್ಬಿ, ಕಾಲ ಬಳಿ ಪಟಾಕಿ, ಬಾಯಿಗೆ ಬಿಗಿದ ಕಡಿವಾಣ. ತನ್ನದೇ ಮದುವೆಯ ದಾರಿಯಲ್ಲಿ ಕೂಡಿಹಾಕಿದ ಪ್ರಾಣಿಗಳ ಕೂಗು ಕೇಳಿ ರಥ ತಿರುಗಿಸಿದ ನೇಮಿನಾಥ ತೀರ್ಥಂಕರರ ಕಥೆಯನ್ನು ನಾವೇ ಮಕ್ಕಳಿಗೆ ಹೇಳುತ್ತೇವೆ.

ಪಂಚಕಲ್ಯಾಣದಲ್ಲಿ ಸೌಧರ್ಮೇಂದ್ರ ಜಿನಬಾಲಕನನ್ನು ಐರಾವತದ ಮೇಲೆ ಕೊಂಡೊಯ್ಯುವ ದೃಶ್ಯಕ್ಕೆ ಆನೆ ತರಿಸುವುದುಂಟು, ಏರುವ ಅವಕಾಶಕ್ಕೆ ಸವಾಲು ಹಿಡಿಯುವುದೂ ಉಂಟು. ಸವಾಲಿನ ಹಣ ಧರ್ಮಕಾರ್ಯಕ್ಕೇ ಸಲ್ಲುತ್ತದೆ, ನಿಜ. ಆದರೆ ಐರಾವತವು ದೇವಲೋಕದ ಆನೆ. ಅದರ ಸ್ಥಾನದಲ್ಲಿ ಮರದ ಆನೆಯನ್ನೋ ಅಲಂಕೃತ ರಥವನ್ನೋ ನಿಲ್ಲಿಸಿದರೆ ಜನ್ಮಾಭಿಷೇಕದ ಭಾವಕ್ಕೆ ಕೊರತೆಯಾಗದು. ಕೇರಳದ ಇರಿಂಜಾಡಪ್ಪಳ್ಳಿ ದೇವಸ್ಥಾನ 2023ರ ಫೆಬ್ರುವರಿಯಲ್ಲೇ ಯಂತ್ರದ ಆನೆಯನ್ನು ಸೇವೆಗಿರಿಸಿದೆ.

ಆದ್ದರಿಂದ ಮಹಾದೇವಿ ಮರಳಲೆಂದು ಕೋರುವುದರ ಜೊತೆಗೆ ಎರಡು ಕೆಲಸ ನಮ್ಮ ಕೈಯಲ್ಲೇ ಇವೆ. ಅದು ಮರಳಿದರೆ ಮಣ್ಣಿನ ನೆಲ, ನೀರು, ಜೊತೆಗಾರ ಆನೆ, ವೈದ್ಯರ ವ್ಯವಸ್ಥೆ ಇರಲಿ, ಮೆರವಣಿಗೆ ಇಲ್ಲದಿರಲಿ. ಪಂಚಕಲ್ಯಾಣ ಸಮಿತಿಗಳು ಜೀವಂತ ಪ್ರಾಣಿಯ ಸವಾರಿ ಬೇಡವೆಂದು ಮೊದಲ ಸಭೆಯಲ್ಲೇ ಠರಾವು ಮಾಡಲಿ. ಮದುವೆ ಮನೆಗಳಿಗೆ ಸಭೆಯೂ ಬೇಕಿಲ್ಲ, ಹಿರಿಯರ ಒಂದು ಮಾತು ಸಾಕು. ನ್ಯಾಯಾಲಯ ಹೇಳುವ ಮುನ್ನ ನಾವೇ ಮಾಡಿದ್ದರೆ ಅದು ವ್ರತವಾಗುತ್ತಿತ್ತು. ಈಗ ಮಾಡಿದರೂ ತಡವಾಗಿಲ್ಲ.