ಕಬ್ಬಿನ ಡಬ್ಬಿ ಮತ್ತು ಎಡಗಡೆ ಕಿಟಕಿಯ ಸೀಟು

ನಮ್ಮ ಸೊಲ್ಲಾಪುರ ಸಕ್ಕರೆ ಕಾರ್ಖಾನೆಗಳ ಜಿಲ್ಲೆ. ಅಕ್ಕಲಕೋಟ ತಾಲೂಕಿನಲ್ಲಿ ನವೆಂಬರ್ ಬಂತೆಂದರೆ ರಸ್ತೆ ನಮ್ಮದಲ್ಲ, ಕಬ್ಬಿನ ಟ್ರ್ಯಾಕ್ಟರಿನದು. ಮುಂದೆ ಒಂದು ಇಂಜಿನ್, ಹಿಂದೆ ಎರಡು ಡಬ್ಬಿ, ಅದರ ಮೇಲೆ ಎರಡಾಳೆತ್ತರ ಕಬ್ಬು, ಬಸ್ಸಿನ ಹಾರ್ನ್ ಕೇಳದಷ್ಟು ಜೋರು ಹಾಡು. ಮಾರ್ಚ್ ತನಕ ಹೀಗೇ. ಮೈಂದರ್ಗಿ, ದುಧನಿ, ನಾಗಣಸೂರ ಕಡೆಯ ಕನ್ನಡ ಶಾಲೆಗಳ ಮಕ್ಕಳು ಅಷ್ಟು ದಿನವೂ ಈ ಗಾಡಿಗಳ ಹಿಂದೆಯೇ ಬಸ್ಸಿನಲ್ಲಿ ಓಡಾಡಬೇಕು.

ಕೆಲ ವರ್ಷಗಳ ಹಿಂದೆ ಡಿಸೆಂಬರಿನ ಒಂದು ಸಂಜೆ ನಾವು ಮೂವರು ಶಿಕ್ಷಕರೂ ಅಂಥ ಒಂದು ಬಸ್ಸಿನಲ್ಲಿದ್ದೆವು. ಪಂಕ್ಚರ್ ಆದ ಡಬ್ಬಿಯೊಂದನ್ನು ರಸ್ತೆಯ ಎಡಕ್ಕೆ ಬಿಟ್ಟು, ಗಾಲಿಗೆ ಕಲ್ಲು ಕೊಟ್ಟು, ಇಂಜಿನ್ ಬಿಚ್ಚಿಕೊಂಡು ಹೋಗಿದ್ದರು. ದೀಪವಿಲ್ಲ. ಚಾಲಕ ಕಂಡಕೂಡಲೇ ಬಲಕ್ಕೆ ಎಳೆದ, ಆದರೆ ಬಸ್ಸಿನ ಎಡಮಗ್ಗಲು ಪೂರ್ತಿ ಉಜ್ಜಿಕೊಂಡು ಹೋಯಿತು. ಕಬ್ಬಿನ ತುದಿಗಳು ಕಿಟಕಿಯೊಳಗೇ ಬಂದವು. ನಿಂತವರು ಒಬ್ಬರ ಮೇಲೊಬ್ಬರು ಬಿದ್ದರು. ಕುಳಿತವರಿಗಾದರೂ ಬೆಲ್ಟ್ ಎಲ್ಲಿದೆ? ಮುಂದಿನ ಸೀಟಿನ ಕಬ್ಬಿಣದ ಸರಳು ನೇರ ಬಾಯಿಗೆ ಬಡಿಯುತ್ತದೆ. ಏಳನೇ ಇಯತ್ತೆಯ ಹುಡುಗಿಯೊಬ್ಬಳು ಎರಡು ಹಲ್ಲು ಕೈಯಲ್ಲಿ ಹಿಡಿದುಕೊಂಡು, "ಗುರುಗಳ, ಮತ್ತ ಬರ್ತಾವೇನ್ರಿ?" ಅಂತ ಕೇಳಿದಳು.

ಮರುದಿನ ಮರಾಠಿ ಪೇಪರಿನಲ್ಲಿ ನಾಲ್ಕು ಸಾಲು ಬಂತು. ಪ್ರವಾಸಿಗಳು 'ಕಿರಕೋಳ ಜಖಮಿ'. ಹಲ್ಲು, ಮೊಣಕೈ, ಕಣ್ಣಿನ ರೆಪ್ಪೆ ಎಲ್ಲವೂ ಕಿರಕೋಳ!

ಯಾರೂ ಫಿರ್ಯಾದಿ ಕೊಡಲಿಲ್ಲ. ಕಾರಣ ಹೇಳಲು ನಮಗೇ ಸಂಕೋಚ. ಆ ಟ್ರ್ಯಾಕ್ಟರ್ ನಮ್ಮ ಶಾಲೆಯ ಪಾಲಕರದೇ ಆಗಿತ್ತು. ಸಾಲ ಮಾಡಿ ತಂದ ಗಾಡಿ, ಒಳ್ಳೆಯ ಮನುಷ್ಯ, ಶಾಲೆಯ ಗ್ಯಾದರಿಂಗಿಗೆ ಪೆಂಡಾಲ್ ಹಾಕಿಸಿದವರು. ನಾವೂ "ಹೋಗಲಿ ಬಿಡ್ರಿ" ಅಂದೆವು. ಆ ಮಾತು ಹುಡುಗಿಗೆ ನಾವು ಮಾಡಿದ ಅನ್ಯಾಯ ಎಂದು ಈಗ ಅನಿಸುತ್ತದೆ. ಫಿರ್ಯಾದಿ ಎಂದರೆ ದ್ವೇಷ ಅಲ್ಲ. ವಿಮೆ ಸರಿಯಾಗಿದ್ದರೆ ಪರಿಹಾರದ ಹಣ ಕಂಪನಿ ಕೊಡುತ್ತದೆ. ಆದರೆ ವಿಮೆ ಬೇಸಾಯಕ್ಕೆಂದು ಮಾಡಿಸಿ, ಗಾಡಿ ಬಾಡಿಗೆಗೆ ಓಡಿಸಿದರೆ ಕಂಪನಿ ತಕರಾರು ತೆಗೆಯುತ್ತದೆ. ಟ್ರ್ಯಾಕ್ಟರ್ ಇರುವ ಪಾಲಕರು ಮೊದಲು ಇದನ್ನು ತೆಗೆದು ನೋಡಬೇಕು. ಡಬ್ಬಿಯ ಹೆಸರು ವಿಮೆಯಲ್ಲಿ ಇದೆಯೋ ಇಲ್ಲವೋ ಅದನ್ನೂ.

ತಪ್ಪು ಬಸ್ಸಿನದೋ ಟ್ರ್ಯಾಕ್ಟರಿನದೋ ಎಂಬ ಜಗಳವೂ ಪ್ರಯಾಣಿಕನದಲ್ಲ. ಇಬ್ಬರದೂ ತಪ್ಪಿದ್ದರೆ ಗಾಯಾಳು ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಪರಿಹಾರ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಅರ್ಜಿಗೆ ಆರು ತಿಂಗಳ ಗಡುವು 2022ರ ಏಪ್ರಿಲ್‌ನಿಂದ ಜಾರಿಗೆ ಬಂತು. ಅದರ ಮೇಲಿನ ತಕರಾರು ಸುಪ್ರೀಂ ಕೋರ್ಟಿನ ತನಕ ಹೋಗಿದೆ, ಆದರೂ ತಡ ಮಾಡದಿರುವುದೇ ಲೇಸು. 2025ರ ಯೋಜನೆಯಂತೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಮೊದಲ ಏಳು ದಿನ ಒಂದೂವರೆ ಲಕ್ಷ ರೂಪಾಯಿ ತನಕ ನಗದಿಲ್ಲದೆ ಚಿಕಿತ್ಸೆಯೂ ಇದೆ.

ನಮ್ಮವರು ಸೋಲುವುದು ಕಾಗದದಲ್ಲಿ. ಪಂಚನಾಮೆ ಮರಾಠಿ, ದವಾಖಾನೆಯ ಚೀಟಿ ಮರಾಠಿ ಇಲ್ಲವೇ ಇಂಗ್ಲಿಷ್. ಅಜ್ಜ ತೋರಿಸಿದಲ್ಲಿ ಹೆಬ್ಬಟ್ಟು ಒತ್ತಿ ಬರುತ್ತಾನೆ. ಶಾಲೆಯ ದಾಖಲೆಯಲ್ಲಿ ಒಂದು ಅಡ್ಡಹೆಸರು, ದವಾಖಾನೆಯಲ್ಲಿ ಇನ್ನೊಂದು. ಅದು ಸಣ್ಣ ಗಾಯವೇ ಇರಲಿ, ಅಪಘಾತದ್ದೆಂದು ದವಾಖಾನೆಯಲ್ಲಿ ಬರೆಸಬೇಕು, ಹೆಸರು ಶಾಲೆಯ ದಾಖಲೆಯಂತೆ ಬರೆಸಬೇಕು, ಬಸ್ಸಿನ ಟಿಕೆಟ್ ಅಥವಾ ಪಾಸ್ ಜೋಪಾನ ಮಾಡಬೇಕು. ಓದಿ ಹೇಳಲು ಮರಾಠಿ ಬಲ್ಲ ಶಿಕ್ಷಕರೊಬ್ಬರು ಜೊತೆಗೆ ಹೋಗುವುದು ನಮ್ಮ ಕೆಲಸವಲ್ಲ ಎನ್ನುವವರು ಇದ್ದಾರೆ. ನಮಗೆ ಅದು ಪಾಠದಷ್ಟೇ ಕೆಲಸ.

ಅಪಘಾತ ತಪ್ಪಿಸುವ ಜಾಗವೂ ಒಂದಿದೆ. ಹಳ್ಳಿಯ ಪ್ರತಿ ತಿರುವಿಗೆ ಪೊಲೀಸರನ್ನು ನಿಲ್ಲಿಸಲಾಗದು. ಆದರೆ ಕಬ್ಬು ಹೊತ್ತ ಪ್ರತಿ ಗಾಡಿಯೂ ಕಾರ್ಖಾನೆಯ ಕಾಟಾದ ಮೇಲೆ ನಿಲ್ಲಲೇಬೇಕು. ಹಿಂದೆ ಎರಡು ಕೆಂಪು ಪ್ರತಿಫಲಕ ಇರಬೇಕೆಂದು ಮೋಟಾರು ವಾಹನ ನಿಯಮವೇ ಇದೆ. ಅದಿಲ್ಲದ ಗಾಡಿಗೆ ತೂಕದ ಚೀಟಿ ಕೊಡುವುದಿಲ್ಲ ಎಂದು ಕಾರ್ಖಾನೆಯವರು ಒಂದು ವಾರ ಹಟ ಹಿಡಿಯಲಿ ನೋಡೋಣ. ಹಂಗಾಮಿನ ಮೊದಲ ದಿನ ಫೋಟೋ ತೆಗೆಸಿಕೊಂಡು ಅಂಟಿಸುವ ಸ್ಟಿಕ್ಕರ್ ಸಾಲದು. ಅದು ಡಬ್ಬಿಯ ಹಲಗೆಯ ಮೇಲಿರುತ್ತದೆ, ಅದರ ಮೇಲೆ ಕಬ್ಬು ಇಳಿಬಿದ್ದಿರುತ್ತದೆ. ಹೊಳೆಯುವ ಪಟ್ಟಿ ಇರಬೇಕಾದ್ದು ಕಬ್ಬಿನ ತುದಿಯಲ್ಲಿ. ಗಾಲಿಗೆ ಕೊಟ್ಟ ಕಲ್ಲನ್ನು ಹೋಗುವಾಗ ಎತ್ತಿಡಿ ಎಂದು ಹೇಳುವುದಕ್ಕೂ ಕಾನೂನು ಬೇಕೇ?

ಈ ಸಲದ ಪಾಲಕರ ಸಭೆಯಲ್ಲಿ ಇದನ್ನೇ ಮೊದಲ ವಿಷಯ ಮಾಡಿದ್ದೆವು. ಆ ಪಾಲಕರೂ ಬಂದಿದ್ದರು, ಏನೂ ಮಾತಾಡಲಿಲ್ಲ. ಮರುದಿನ ತಮ್ಮ ಡಬ್ಬಿಯ ಅಳತೆ ಬರೆದು ಮಗನ ಕೈಯಲ್ಲಿ ಕಳಿಸಿದರು. ಹಗ್ಗದಿಂದ ಕಬ್ಬಿನ ತುದಿಗೆ ಕಟ್ಟುವ ಕೆಂಪು ಪಟ್ಟಿಯ ಹಲಗೆಗಳನ್ನು ಮಕ್ಕಳೇ ಶಾಲೆಯಲ್ಲಿ ಮಾಡುತ್ತಿದ್ದಾರೆ. ಬೇಕಾದವರು ಶನಿವಾರ ಶಾಲೆ ಬಿಡುವುದರೊಳಗೆ ಬಂದು ಒಯ್ಯಿರಿ.